ಚಂದ್ರಕಾಳಿ ಬಣ್ಣ ಬಿಟ್ಟ ಬೇಸಿಗೆ

ಮೊನ್ನೆ ಪಕ್ಕದ ಮನೆಯ ಸೊಸೆ ತನ್ನ ಹೊಸ ಕರಿ ಸೀರೆಯನ್ನು ಉಪ್ಪುನೀರಿನ ಬಕೀಟಿನಲ್ಲಿ ನೆನೆಹಾಕಿದಳು. ಬಣ್ಣ ನಿಲ್ಲಲಿ ಎಂದು ಅವಳ ಅತ್ತೆ ಹೇಳಿಕೊಟ್ಟ ಉಪಾಯ. ಗಾಳಿ ನನ್ನ ಅಡುಗೆಮನೆಯ ಕಿಟಕಿಯ ಕಡೆಗೆ ಬೀಸುತ್ತಿತ್ತು. ಹೊಸ ನೂಲು, ಗಂಜಿ, ಹಸಿ ಬಣ್ಣ ಮೂರೂ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ ಒಂದು ಬೈಗುಳ ಹೊರಬಿತ್ತು. ಹೆಸರು ಹಿಡಿದೇ ಬೈದೆ. ನಲವತ್ತು ವರ್ಷಗಳ ಹಿಂದೆ ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ಆಗಿದ್ದ ಶಿವಪುತ್ರಪ್ಪನ ಹೆಸರು.

ಹುಡುಗಿ ಬೆಚ್ಚಿಬಿದ್ದು, "ಯಾರಿಗ್ರಿ ಅಮ್ಮಾರ?" ಎಂದಳು.

"ನಿನಗಲ್ಲವಾ. ನೀ ತೊಳಕೋ" ಎಂದೆ.

ಸಿಟ್ಟು ಕಡಿಮೆ ಮಾಡಿ ಎಂದು ಡಾಕ್ಟರು ಹೇಳುತ್ತಲೇ ಇರುತ್ತಾರೆ. ಬೇರೆ ಸಿಟ್ಟುಗಳನ್ನೆಲ್ಲ ಕಡಿಮೆ ಮಾಡಿದ್ದೇನೆ, ಇದೊಂದನ್ನು ಬಿಟ್ಟು. ಇದನ್ನು ನಾನು ಹಾಲು ಹಾಕಿ ಸಾಕಿದ್ದೇನೆ, ಇದು ನನ್ನ ಜೊತೆಗೇ ಹೋಗಲಿ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಅದು. ನನಗೆ ಇಪ್ಪತ್ತನಾಲ್ಕು. ಇಳಕಲ್ಲಿನ ಒಂದು ನೇಕಾರರ ಸಂಘದ ಕಚೇರಿಯಲ್ಲಿ ಹಂಗಾಮಿ ಗುಮಾಸ್ತೆಯಾಗಿದ್ದೆ. ಗುಡೂರಿನಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದೆ. ಹೆಸರು ಶಾಂತಾ. ಇಟ್ಟವರಿಗೆ ಆಗಿನ್ನೂ ನನ್ನ ಸ್ವಭಾವ ಗೊತ್ತಿರಲಿಲ್ಲ.

ನನ್ನ ಕೈ ಬೆವರುತ್ತದೆ. ಬಿಸಿಲಿಗೆ ಎಲ್ಲರ ಕೈಯೂ ಬೆವರುತ್ತದಲ್ಲ ಎಂದು ನೀವು ಅನ್ನಬಹುದು. ನನ್ನ ಅಂಗೈಯಿಂದ ನೀರು ತೊಟ್ಟಿಕ್ಕುತ್ತದೆ, ಚಳಿಗಾಲದಲ್ಲೂ. ನಾಲ್ಕು ಮಂದಿ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಇನ್ನೂ ಜಾಸ್ತಿ. ಶಾಲೆಯಲ್ಲಿ ನನ್ನ ಉತ್ತರಪತ್ರಿಕೆಯ ಶಾಯಿ ಹರಡಿ ಮಾಸ್ತರರು ಓದಲಾರದೆ ಹೋದದ್ದುಂಟು. ಬಾದಾಮಿಯಿಂದ ನನ್ನನ್ನು ನೋಡಲು ಬಂದಿದ್ದ ವರನ ತಾಯಿ ಪ್ರೀತಿಯಿಂದಲೇ ನನ್ನ ಕೈ ಹಿಡಿದಳು, ಹಿಡಿದು ಬಿಟ್ಟಳು, ಬಿಟ್ಟ ಕೈಯನ್ನು ತನ್ನ ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಕಾಗದ ಬರೆಯುತ್ತೇವೆ ಎಂದು ಹೋದವರು ಬರೆಯಲಿಲ್ಲ. ಆಮೇಲೆ ಇನ್ನಿಬ್ಬರು ಬಂದುಹೋದರು. ಜೂನ್ ತಿಂಗಳ ಸಭೆಯಲ್ಲಿ ನನಗೆ ಕಾಯಂ ಆರ್ಡರ್ ಕೊಡುವ ಮಾತಿತ್ತು. ಅದು ಕೈಗೆ ಬಂದರೆ ಇಂಥವರ ಮುಂದೆ ಬಾಳೆಹಣ್ಣಿನ ತಟ್ಟೆ ಹಿಡಿದು ನಿಲ್ಲುವುದು ತಪ್ಪುತ್ತದೆ ಎಂದು ನಾನು ದಿನ ಎಣಿಸುತ್ತಿದ್ದೆ.

ಇಂಥ ಕೈಯವಳಿಗೆ ಕೊಟ್ಟ ಕೆಲಸ ಸೀರೆ ಪರೀಕ್ಷೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ಕೆಂಪು ರೇಶಿಮೆ. ಎರಡನ್ನೂ ಸೂಜಿಯಿಂದ ಹೊಲಿಯುವುದಿಲ್ಲ. ಮಗ್ಗದ ಮೇಲೆಯೇ ಒಂದೊಂದು ಎಳೆಗೆ ಒಂದೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಕೊಂಡಿಯ ಸಾಲಿನ ಮೇಲೆ ಅಂಗೈ ಎಳೆದು, ಎಳೆ ಎಲ್ಲಾದರೂ ತಪ್ಪಿದೆಯೇ ಎಂದು ನೋಡಿ, ಮೂಲೆಗೆ ಸಂಘದ ಮುದ್ರೆ ಒತ್ತಬೇಕು. ತಪ್ಪಿದ ಎಳೆ ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಕೈಯನ್ನು ಕರವಸ್ತ್ರಕ್ಕೆ ಒರೆಸಿ ಒರೆಸಿ ಎಳೆಯುತ್ತಿದ್ದೆ. ಆ ವರ್ಷ ಮದುವೆಯ ಹಂಗಾಮಿಗೆ ಚಂದ್ರಕಾಳಿಗಳು ರಾಶಿ ರಾಶಿ ಬಂದವು. ಚಂದ್ರಕಾಳಿ ಎಂದರೆ ಕಡುಗಪ್ಪು ಸೀರೆ. ನಮ್ಮ ಕಡೆ ಅದರ ಮೇಲೆ ಕಸೂತಿ ಹಾಕಿ ಮದುಮಗಳಿಗೆ ಉಡಿಸುತ್ತಾರೆ. ಎಷ್ಟೋ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈ ಮಸಿಯಾಗಿರುತ್ತಿತ್ತು. ಬರೆಯುವಾಗ ರಿಜಿಸ್ಟರ್ ಹಾಳಾಗದಿರಲಿ ಎಂದು ಕೈಯ ಕೆಳಗೆ ಒಂದು ರದ್ದಿ ಹಾಳೆ ಇಟ್ಟುಕೊಳ್ಳುತ್ತಿದ್ದೆ. ಸಂಜೆ ಆ ಹಾಳೆಯ ಮೇಲೆ ಕರಿ ಅಂಗೈ ಅಚ್ಚೊತ್ತಿದಂತೆ ಮೂಡಿರುತ್ತಿತ್ತು. ಯಾರಿಗೂ ಕಾಣದಂತೆ ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿ ಬಸ್ಸಿಗೆ ಓಡುತ್ತಿದ್ದೆ.

ಶಿವಪುತ್ರಪ್ಪ ನನ್ನೆದುರಿನ ಮೇಜಿನವನು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಲೆ ಅಡಿಕೆಯ ಬಾಯಿ, ಮೆತ್ತಗಿನ ಮಾತು. ಮೆತ್ತಗೇ ಮಾತಾಡಿ ಮನುಷ್ಯರನ್ನು ಸುಲಿಯುತ್ತಿದ್ದ. ನನಗೆ 'ವರತಿ' ಎಂದು ಹೆಸರಿಟ್ಟ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಸುಕು ತೋಡಿದರೆ ಜಿನುಗುತ್ತದಲ್ಲ, ಆ ವರತಿ. ಒಂದು ದಿನ ನಾನು ಬರುವ ಮೊದಲೇ ನನ್ನ ಮೇಜಿನ ಅಂಚಿಗೆ ಒಂದು ಖಾಲಿ ತಗಡಿನ ಡಬ್ಬಿ ಇಟ್ಟಿದ್ದ.

"ಏನ್ರಿ ಇದು?" ಎಂದೆ.

"ನೀರಿನ ತ್ರಾಸ ಭಾಳ ಐತೆವಾ ಊರಾಗ. ತೊಟ್ಟಿಕ್ಕಿದ್ದು ಸುಮ್ಮನ ನೆಲಕ್ಕ ಹೋಗಬಾರದು ನೋಡು" ಎಂದ.

ಕಚೇರಿಯೆಲ್ಲ ನಕ್ಕಿತು. ಸೀರೆ ತಂದ ನೇಕಾರರೂ ನಕ್ಕರು. ನಾನು ನಕ್ಕವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ನೆನಪಿಟ್ಟುಕೊಂಡೆ, ಅದು ಆಗಲೂ ನನ್ನ ಚಾಳಿ. ನಗದೇ ಇದ್ದವರು ಇಬ್ಬರೇ. ಕಸ ಗುಡಿಸುವ ಹುಸೇನಬಿ ಒಬ್ಬಳು. ಇನ್ನೊಬ್ಬ ಈರಣ್ಣ.

ಈರಣ್ಣ ಸೈಕಲ್ಲಿನ ಮೇಲೆ ಊರೂರು ತಿರುಗಿ ಮಗ್ಗ ನೋಡಿ ಬರುವ ಇನ್‌ಸ್ಪೆಕ್ಟರ್. ಮೂವತ್ತರ ಆಸುಪಾಸು. ಬಣ್ಣಗಾರರ ಮನೆಯ ಮಗ. ಚಿಕ್ಕಂದಿನಿಂದ ಬಣ್ಣದ ಹಂಡೆಯ ಸುಣ್ಣ, ಕಾಸ್ಟಿಕ್ ಸೋಡಾಗಳಲ್ಲಿ ಕೈಯಾಡಿಸಿ ಅವನ ಅಂಗೈ ಒಣ ಎರೆಹೊಲದಂತೆ ಬಿರಿದಿತ್ತು. ಏನು ಮುಟ್ಟಿದರೂ ಉರಿಯುತ್ತಿತ್ತಂತೆ. ಏಪ್ರಿಲ್ಲಿನ ಒಂದು ಮಧ್ಯಾಹ್ನ, ಎಲ್ಲರೂ ಚಹಾಕ್ಕೆ ಹೋದಾಗ, ಬಿಸಿಲಲ್ಲಿ ಸೈಕಲ್ ತುಳಿದು ಬಂದವನು ನನ್ನ ಮೇಜಿನೆದುರು ನಿಂತ.

"ಬಾಯಾರ, ಒಂದ ಮಾತು ಕೇಳ್ತೇನಿ. ಸಿಟ್ಟಾಗಬ್ಯಾಡ್ರಿ."

"ಸಿಟ್ಟಾಗೂದು ಬಿಡೂದು ಮಾತಿನ ಮ್ಯಾಲ ಐತಿ."

"ನಿಮ್ಮ ಕೈ ಒಂದ ನಿಮಿಷ ನನ್ನ ಕೈ ಮ್ಯಾಲ ಇಡ್ರಿ."

ಡಬ್ಬಿಯ ಎರಡನೆಯ ಅಂಕ ಇದು ಎಂದುಕೊಂಡೆ. ರಿಜಿಸ್ಟರ್ ಎತ್ತಿ ಅವನ ಮುಖಕ್ಕೆ ಎಸೆಯುವವಳಿದ್ದೆ. ಆದರೆ ಅವನ ಮುಖದಲ್ಲಿ ನಗೆ ಇರಲಿಲ್ಲ. ಬಾಯಾರಿದವನು ನೀರು ಕೇಳುವ ಹಾಗೆ ಕೇಳಿದ್ದ. ನಾನು ಕೈ ಇಟ್ಟೆ. ಅವನು ಕಣ್ಣು ಮುಚ್ಚಿದ. ನನ್ನ ಕೈಯ ನೀರು ಅವನ ಬಿರುಕುಗಳೊಳಗೆ ಇಳಿಯುವುದು ನನಗೆ ತಿಳಿಯುತ್ತಿತ್ತು.

"ಎಷ್ಟ ತಂಪ ಐತ್ರಿ" ಎಂದ. ಆಮೇಲೆ ತಾನೇ ನಾಚಿ ಕೈ ತೆಗೆದುಕೊಂಡ. ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳುತ್ತಾನೆಯೇ ಎಂದು ಅವನು ಹೊರಗೆ ಹೋಗಿ ಸೈಕಲ್ ಹತ್ತುವ ತನಕ ಕಿಟಕಿಯಿಂದ ನೋಡಿದೆ.

ಆಮೇಲೆ ದಿನಾ ಆ ಹೊತ್ತು ನಮ್ಮದಾಯಿತು. ಉಳಿದವರು ಒಂದು ಕಪ್ ಚಹಾ ಕುಡಿದು ಬರುವಷ್ಟು ಸಮಯ. ಒಂದೊಂದು ದಿನ ನನ್ನ ಅಂಗೈಯನ್ನು ಹಣೆಗೆ ಒತ್ತಿಕೊಳ್ಳುತ್ತಿದ್ದ, ಒಂದೊಂದು ದಿನ ಕುತ್ತಿಗೆಯ ಹಿಂಬದಿಗೆ. ನನ್ನ ಮುಖ, ಜಡೆ, ಸೀರೆ ಯಾವುದರ ಬಗ್ಗೆಯೂ ಅವನು ಮಾತಾಡಿದ್ದು ನೆನಪಿಲ್ಲ. ಇದೆಂಥ ವಿಚಿತ್ರ ಮೋಹ ಎಂದು ನನಗೇ ಅನ್ನಿಸುತ್ತಿತ್ತು. ಆದರೂ ಹೇಳಿಬಿಡುತ್ತೇನೆ, ನನಗೆ ಹುಚ್ಚು ಹಿಡಿದಿತ್ತು. ಇಡೀ ಲೋಕ ಒರೆಸಿಕೊಂಡ ಕೈಯನ್ನು ಒಬ್ಬ ಮನುಷ್ಯ ಬೇಡಿ ಪಡೆಯುತ್ತಿದ್ದ. "ಮೊದಲ ಮಳಿ ಆದಮ್ಯಾಲ ಗುಡೂರಿಗೆ ಬಂದು ನಿಮ್ಮ ಅಪ್ಪಾರ ಜೋಡಿ ಮಾತಾಡ್ತೇನಿ" ಎಂದಿದ್ದ. ನಾನು ಮೊದಲ ಸಲ ಕರವಸ್ತ್ರವನ್ನು ಮನೆಯಲ್ಲೇ ಮರೆತು ಬಂದೆ.

ಮೇ ತಿಂಗಳಲ್ಲಿ ಸೀರೆಗಳು ವಾಪಸು ಬರತೊಡಗಿದವು. ಹುನಗುಂದದಿಂದ ಎರಡು, ಬಾದಾಮಿಯಿಂದ ನಾಲ್ಕು. ಆಮೇಲೆ ಪಟ್ಟದಕಲ್ಲಿನ ತಾಯಿಯೊಬ್ಬಳು ತಾನೇ ಬಂದಳು. ಮಗಳ ಮದುವೆಗೆಂದು ಎಂಟು ತಿಂಗಳು ಕೂತು ಕಸೂತಿ ಹಾಕಿದ ಚಂದ್ರಕಾಳಿ. ಅಕ್ಕಿಕಾಳು ಹಾಕುವ ಹೊತ್ತಿಗೆ ಮದುಮಗಳ ಸೊಂಟ, ಕುತ್ತಿಗೆ ಎಲ್ಲ ಕರ್ರಗಾಗಿ, ಬೀಗರು ಮುಖ ಮುಖ ನೋಡಿಕೊಂಡರಂತೆ. ಬಿಳಿ ದಾರದ ಕಸೂತಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆ ತಾಯಿ ಬಯ್ಯಲಿಲ್ಲ. ಸೀರೆಯನ್ನು ಮೇಜಿನ ಮೇಲಿಟ್ಟು, "ನನ್ನ ಕಣ್ಣ ಹೋದುವಲ್ಲ ಯಪ್ಪಾ ಇದರಾಗ" ಎಂದಷ್ಟೇ ಅಂದಳು.

ಶಿವಪುತ್ರಪ್ಪ ಎಲ್ಲರೆದುರು ನನ್ನತ್ತ ಕೈ ತೋರಿಸಿದ. "ಈ ಮಹಾತಾಯಿ ಕೈ ನೋಡ್ರಿ. ದಿನಾ ಹಸಿ ಕೈಯಿಂದ ತಿಕ್ಕಿದರ ಯಾವ ಬಣ್ಣ ನಿಂದರತೈತಿ? ಮೊದಲ ಬೆವರು ಕುಡಿಸಿ ಕಳಸ್ತಾಳ, ಆಮ್ಯಾಲ ಬಣ್ಣ ಬಿಡತೈತಿ."

ಆಮೇಲೆ ನನಗೊಬ್ಬಳಿಗೇ ಕೇಳುವಂತೆ, "ಜೂನ್ ಸಭಾದಾಗ ಎಲ್ಲಾ ಹೊರಗ ಬರತೈತಿ. ನಿನ್ನ ಕೈ ಏನ ಮಾಡೈತಿ ಅನ್ನೂದಕ್ಕ ನನ್ನ ಕಡೆ ಪುರಾವೆ ಐತಿ. ಆರ್ಡರಿನ ಆಸೆ ಬಿಡು" ಎಂದ.

ಇವತ್ತು ಯಾರಾದರೂ ಹಾಗೆಂದರೆ, ಮದುಮಗಳ ಸೊಂಟಕ್ಕೆ ನನ್ನ ಕೈ ಹೋಗಿತ್ತೇನಪ್ಪಾ ಎಂದು ಕೇಳುತ್ತಿದ್ದೆ. ಅವತ್ತು ನಾನು ಅವನ ಮಾತನ್ನು ನಂಬಿಬಿಟ್ಟೆ. ಇಪ್ಪತ್ತನಾಲ್ಕು ವರ್ಷ ಎಲ್ಲ ತಪ್ಪೂ ನನ್ನ ಕೈಯದೇ ಆಗಿತ್ತು, ಇದೂ ಅದರದೇ ಇರಬೇಕು ಎಂದುಕೊಂಡೆ. ಆ ತಾಯಿಯ ಕಣ್ಣು ನನ್ನಿಂದ ಹೋಯಿತು ಎಂದು ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಮುದ್ರೆಯ ಶಾಯಿ ಮುಗಿದಿತ್ತು. ಈರಣ್ಣ ಹುನಗುಂದದ ಕಡೆಯ ಮಗ್ಗ ನೋಡಲು ಹೋಗಿದ್ದ. ಅವನ ಮೇಜಿನ ಖಾನೆಯಲ್ಲಿ ಒಂದು ಸೀಸೆ ಇರುತ್ತಿತ್ತು ಎಂದು ಎಳೆದೆ. ಸೀಸೆಯ ಕೆಳಗೆ ನೂಲಿನಿಂದ ಕಟ್ಟಿದ ಕಾಗದದ ಕಟ್ಟು. ಬಿಚ್ಚಿದರೆ ನನ್ನ ಅಂಗೈಗಳು. ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದ ಹಾಳೆಗಳನ್ನೆಲ್ಲ ಬಿಡಿಸಿ, ನೀಟಾಗಿ ಒತ್ತಿ, ಒಂದೊಂದರ ಮೂಲೆಯಲ್ಲೂ ಪೆನ್ಸಿಲಿನಿಂದ ತಾರೀಕು, ಸೀರೆಯ ಲಾಟ್ ನಂಬರು ಬರೆದಿಟ್ಟಿದ್ದ.

ಶಿವಪುತ್ರಪ್ಪ ಹೇಳಿದ ಪುರಾವೆ ಇದೇ! ದಿನಾ ನನ್ನ ಕೈ ಹಣೆಗೊತ್ತಿಕೊಂಡವನು ಸಂಜೆ ನನ್ನ ಕಸ ಆರಿಸಿ ನನ್ನ ಕುತ್ತಿಗೆಗೆ ಉರುಲು ಹೆಣೆಯುತ್ತಿದ್ದಾನೆ ಎಂದು ನಿಶ್ಚಯಿಸಿದೆ. ಡಬ್ಬಿ ಇಟ್ಟವನಿಗಿಂತ ಇವನು ಕೀಳು ಎನ್ನಿಸಿತು. ಅವನು ಬರುವ ತನಕ ಕಾದು ಒಂದು ಮಾತು ಕೇಳಬಹುದಿತ್ತು. ನನಗೆ ಕೇಳುವುದು ಬೇಕಿರಲಿಲ್ಲ, ಹೊಡೆಯುವುದು ಬೇಕಿತ್ತು. ಅವನು ನನ್ನನ್ನು ಮುಗಿಸುವ ಮೊದಲು ನಾನು ಅವನನ್ನು ಮುಗಿಸಬೇಕಿತ್ತು.

ಕಟ್ಟನ್ನು ಒಯ್ದು ಶಿವಪುತ್ರಪ್ಪನ ಮುಂದೆಯೇ ಇಟ್ಟೆ. "ಈ ಮನುಷ್ಯ ಹೆಣ್ಣಮಗಳ ಕೈಗುರುತು ಕದ್ದು ಕೂಡಿ ಹಾಕ್ಯಾನ್ರಿ. ಇಂಥವನ ಜೋಡಿ ನಾ ಕೆಲಸ ಮಾಡಂಗಿಲ್ಲ."

ಅವನು ಹಾಳೆಗಳನ್ನು ಒಂದೊಂದಾಗಿ ತಿರುವಿದ. ಲಾಟ್ ನಂಬರುಗಳ ಮೇಲೆ ಬೆರಳಿಟ್ಟು ಓದಿದ. ಮೊದಲ ಸಲ ನನಗೆ ಕುರ್ಚಿ ತೋರಿಸಿ, "ಕೂಡವಾ ತಂಗಿ. ಇದನ್ನೆಲ್ಲ ಬಾಯಿಲೆ ಹೇಳಿದರ ಆಗಂಗಿಲ್ಲ, ಬರದು ಕೊಡು" ಎಂದ. ಬರೆದುಕೊಟ್ಟೆ. ಸಿಟ್ಟಿನಲ್ಲಿ ಕೈ ಒಣಗಿತ್ತೋ ಏನೋ, ಒಂದಕ್ಷರವೂ ಹರಡಲಿಲ್ಲ.

ಈರಣ್ಣ ಬಂದ ದಿನ ಶಿವಪುತ್ರಪ್ಪ ಇಡೀ ಕಚೇರಿಯನ್ನು ನಿಲ್ಲಿಸಿ ನನ್ನ ಅರ್ಜಿ ಓದಿದ. ಪ್ರತಿ ಸಾಲಿಗೂ ಒಂದು ಕ್ಷಣ ನಿಂತು, ಎಲ್ಲರಿಗೂ ಅರ್ಥವಾಗಲಿ ಎಂದು. ಈರಣ್ಣ ತನ್ನ ಖಾಲಿ ಖಾನೆಯನ್ನು ನೋಡಿದ. ನನ್ನನ್ನು ನೋಡಿದ.

"ಇದನ್ನ ನೀವ ಬರದೀರೇನ್ರಿ, ಬಾಯಾರ?"

"ಹೌದು. ನಾನ ಬರದೇನಿ."

ಅದೇ ವಾರ ಅವನನ್ನು ಬಾದಾಮಿಯ ಮಾರಾಟ ಮಳಿಗೆಗೆ ಎತ್ತಿಹಾಕಿದರು. ಹೋಗುವಾಗ ನನ್ನ ಮೇಜಿನ ಮುಂದೆಯೇ ಹಾದುಹೋದ. ಗೆದ್ದೆ ಎಂದುಕೊಂಡೆ. ಆ ಖುಷಿ ಎರಡು ದಿನ ನಡೆಯಿತು.

ಹುಸೇನಬಿ ಮೂರನೆಯ ದಿನ ಕಸಬರಿಗೆ ಬಿಟ್ಟು ನನ್ನೆದುರು ಕುಕ್ಕರಗಾಲಲ್ಲಿ ಕೂತಳು. "ಏನ ಮಾಡಿದೆವಾ ತಂಗಿ ಇದು? ಆ ಕಾಗದ ಅಂವ ಕದ್ದಿಲ್ಲ. ಬುಟ್ಟ್ಯಾಗಿಂದ ನಾನ ಆರಿಸಿ ಕೊಡ್ತಿದ್ನಿ."

"ನೀ ಯಾಕ ಕೊಟ್ಟಿ?"

"ಹೆಡ್ ಕ್ಲಾರ್ಕನ ತಮ್ಮಂದು ಬಣ್ಣದ ಕಾರಖಾನೆ ಐತಲ್ಲ, ಅಲ್ಲೀ ಬಣ್ಣ ಖೊಟ್ಟಿ, ನಿಂದರಂಗಿಲ್ಲ. ಅವನ ಲಾಟು ಬಂದ ದಿನ ಅಷ್ಟ ನಿನ್ನ ಕೈ ಕರ್ರಗ ಆಗ್ತಿತ್ತು. ಬ್ಯಾರೆ ಲಾಟು ಬಂದ ದಿನ ಕಾಗದ ಬರೇ ಹಸಿ ಇರ್ತಿತ್ತು, ಬಣ್ಣ ಇಲ್ಲ. ಈರಣ್ಣ ಅದನ್ನ ನಂಬರ ಹಚ್ಚಿ ಇಟ್ಟಿದ್ದ, ಸಭಾದಾಗ ನಿನ್ನ ಪರವಾಗಿ ತೋರಸಾಕ. ಈಗ ಎಲ್ಲಾ ಹೋತು. ನೀ ಕೊಟ್ಟ ದಿನಾನ ಸಾಹೇಬ ಆ ಕಟ್ಟನ್ನ ಚಹಾದ ಒಲಿಗೆ ಹಾಕಿದ. ನಾ ಕಣ್ಣಾರೆ ನೋಡೇನಿ."

"ನನಗ್ಯಾಕ ಹೇಳಲಿಲ್ಲ ಅಂವ?" ಎಂದೆ.

"ನಿನ್ನ ಸಿಟ್ಟಿಗೆ ಅಂಜಿದ್ದ. ಗೊತ್ತಾದರ ಸಭಾದಕಿಂತ ಮೊದಲ ಒದರಿಬಿಡ್ತಾಳ, ಅವರು ಹುಷಾರ್ ಆಗ್ತಾರ ಅಂತಿದ್ದ." ಅವಳು ಏಳುತ್ತಾ ಇನ್ನೊಂದು ಮಾತು ಹೇಳಿದಳು. "ಬಣ್ಣ ಇಲ್ಲದ್ದು ಒಂದ ಹಾಳಿ ತನ್ನ ಅಂಗಿ ಕಿಸೆದಾಗ ಇಟ್ಕೊಂಡಿದ್ದ. ಇದು ಯಾಕೋ ಅಂದ್ರ, ಇದು ಸಭಾಕ್ಕಲ್ಲ ಅಂದ."

ನಾನು ಅಳಲಿಲ್ಲ. ನನ್ನ ಮೇಲೆ ಬರಬೇಕಾದ ಸಿಟ್ಟೆಲ್ಲ ಒಂದೇ ಕ್ಷಣದಲ್ಲಿ ತಿರುಗಿ ಎದುರಿನ ಬಿಳಿ ಅಂಗಿಯ ಮೇಲೆ ಹೋಗಿ ಕೂತಿತು. ಮುಂದಿನ ಹದಿನೈದು ದಿನ ನಾನು ಆ ಮನುಷ್ಯನಿಗೆ ಎದುರು ಮಾತಾಡಲಿಲ್ಲ. ಹೇಳಿದಲ್ಲಿ ಸಹಿ ಹಾಕಿದೆ. ವರತಿ ಎಂದಾಗ ನಕ್ಕೆ ಕೂಡ. ಒಳಗೊಳಗೇ ಎರಡು ಸೀರೆ ಎತ್ತಿಟ್ಟೆ.

ಸಭೆಯ ದಿನ ಅಂಗಳದ ಚಪ್ಪರದ ಕೆಳಗೆ ನೇಕಾರರೆಲ್ಲ ಸೇರಿದ್ದರು. ಹೆಂಗಸರು ಒಂದು ಮಗ್ಗುಲಿಗೆ. ಮಳೆಯ ಮುಂಚಿನ ಧಗೆ, ಎಲೆ ಅಲುಗುತ್ತಿರಲಿಲ್ಲ. ಶಿವಪುತ್ರಪ್ಪ ವರದಿ ಓದುತ್ತ, "ಪರೀಕ್ಷಾ ಗುಮಾಸ್ತೆಯ ಕೈದೋಷದಿಂದ" ಎಂಬಲ್ಲಿಗೆ ಬಂದಾಗ ನಾನು ಎದ್ದೆ. ಎಲ್ಲರೂ ತಿರುಗಿದರು. ಇನ್ನೂರು ಕಣ್ಣು ನನ್ನ ಕೈಯ ಮೇಲೆ. ಅಂಗೈಯಿಂದ ನೀರು ಕಿತ್ತುಕೊಂಡು ಬಂತು. ಜೀವನದಲ್ಲಿ ಮೊದಲ ಸಲ, ಬರಲಿ, ಇನ್ನೂ ಬರಲಿ ಎಂದೆ.

ಮೇಜಿನ ಮೇಲೆ ಎರಡು ಚಂದ್ರಕಾಳಿ ಹಾಸಿದೆ. "ಇದು ಹಳೇ ಪ್ಯಾಟಿ ಬಣ್ಣದವರ ಸೀರಿ" ಎಂದು ಹೇಳಿ ಎರಡೂ ಕೈ ಒತ್ತಿ ತಿಕ್ಕಿದೆ. ಹೆಂಗಸರ ಹತ್ತಿರ ಹೋಗಿ ಅಂಗೈ ತೋರಿಸಿದೆ. ಬರೀ ನೀರು.

"ಇದು ಹೆಡ್ ಕ್ಲಾರ್ಕ್ ಸಾಹೇಬರ ತಮ್ಮನ ಕಾರಖಾನೆದು" ಎಂದು ಎರಡನೆಯದನ್ನು ತಿಕ್ಕಿದೆ. ಕೈ ಎತ್ತುವ ಮೊದಲೇ ನನಗೆ ಗೊತ್ತಾಯಿತು. ಮೊಣಕೈಗೆ ಹರಿಯುವಷ್ಟು ಮಸಿ.

"ಏ, ಸಾಕ್ ಮಾಡವಾ ನಿನ್ನ ನಾಟಕ" ಎಂದು ಅವನು ಮೇಜು ಬಳಸಿ ಬಂದ. ಬರಲೆಂದೇ ಕಾದಿದ್ದೆ. ಎರಡೂ ಅಂಗೈಗಳನ್ನು ಅವನ ಗಂಜಿ ಹಾಕಿದ ಅಂಗಿಯ ಎದೆಯ ಮೇಲೆ ಇಟ್ಟು, ಬಲವಾಗಿ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದೆ. ತೆಗೆದಾಗ ಹತ್ತು ಬೆರಳೂ ಸ್ಪಷ್ಟವಾಗಿ ಮೂಡಿದ್ದವು.

"ಪುರಾವೆ ಐತಿ ಅಂದಿದ್ರಲ್ರಿ ಸಾಹೇಬ್ರ, ಇದ ನೋಡ್ರಿ. ಈಗ ಒಲಿಗೆ ಹಾಕ್ರಿ" ಎಂದೆ.

ಒಬ್ಬ ಮುದುಕಿ ಮೊದಲು ನಕ್ಕಳು. ಆಮೇಲೆ ಇಡೀ ಚಪ್ಪರ. ಅವನು ಎದೆಯನ್ನು ವರದಿಯ ಕಾಗದದಿಂದ ಮುಚ್ಚಿಕೊಳ್ಳಲು ನೋಡಿದ. ಕಾಗದಕ್ಕೂ ಬಣ್ಣ ಹತ್ತಿತು. ಆ ನಗೆಯನ್ನು ನಾನು ಈಗಲೂ ಬೇಕೆಂದಾಗ ಕೇಳಿಸಿಕೊಳ್ಳಬಲ್ಲೆ. ಬಹಳ ರುಚಿಯಾದ ನಗೆ ಅದು.

ಸಂಘ ಅವನ ತಮ್ಮನ ಕಾರಖಾನೆಯ ಬಣ್ಣ ಕೊಳ್ಳುವುದನ್ನು ನಿಲ್ಲಿಸಿತು, ಅವನನ್ನು ಬೇರೆ ಕಡೆಗೆ ಅಟ್ಟಿದರು, ನನಗೆ ಕಾಯಂ ಆರ್ಡರ್ ಬಂತು. ಆರ್ಡರ್ ಕೈಗೆ ಬಂದ ಮರುದಿನವೇ ಬಾದಾಮಿಯ ಬಸ್ಸು ಹತ್ತಿದೆ. ಮೊದಲ ಮಳೆ ಅಷ್ಟರಲ್ಲಿ ಆಗಿತ್ತು. ಗುಡ್ಡದ ಕೆಂಪು ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು. ಈರಣ್ಣ ಮಳಿಗೆಯಲ್ಲಿ ಸೀರೆ ಮಡಚುತ್ತಿದ್ದ. ಸಭೆಯ ಸುದ್ದಿ ಅವನಿಗೆ ತಲುಪಿತ್ತು. "ಭಾಳ ಛಲೋ ಮಾಡಿದ್ರಿ" ಎಂದು ಸ್ಟೂಲು ಕೊಟ್ಟ, ನೀರು ಕೊಟ್ಟ.

"ನಂದು ತಪ್ಪಾತು. ನಾ ತಿಳೀದ ಬರದ್ನಿ" ಎಂದು, ನಾಚಿಕೆ ಬಿಟ್ಟು, ಕೈ ಚಾಚಿದೆ. ಅಂಗೈ ತುಂಬ ನೀರು.

ಅವನು ಆ ಕೈಯನ್ನೇ ನೋಡಿದ. ಅವನ ಕಣ್ಣಿನಲ್ಲಿ ಹಳೆಯ ಬಾಯಾರಿಕೆ ಇದ್ದೇ ಇತ್ತು. ನಾನು ಕಂಡೆ, ಸುಳ್ಳಲ್ಲ. ಆದರೆ ಕೈ ಎತ್ತಲಿಲ್ಲ.

"ನಿಮ್ಮ ಕೈ ಹೆಂಗ ಅನ್ನೂದು ನನಗ ಗೊತ್ತಿತ್ರಿ, ಬಾಯಾರ" ಎಂದ. "ನೀವು ಹೆಂಗ ಅನ್ನೂದು ಗೊತ್ತಿರಲಿಲ್ಲ. ಒಂದ ಮಾತು ನನ್ನ ಕೇಳಿದ್ರ ಆಗ್ತಿತ್ತು."

ಗಿರಾಕಿಗಳು ಬಂದರು. ಅವನು ಅವರತ್ತ ತಿರುಗಿದ. ನಾನು ಬಸ್ ಸ್ಟ್ಯಾಂಡಿಗೆ ಬಂದೆ. ಮುಂದೆ ನನ್ನ ಮದುವೆಯೂ ಆಯಿತು, ಬಾಗಲಕೋಟೆಗೆ ಬಂದೆ. ಗಂಡ ಒಳ್ಳೆಯವರು. ನನ್ನ ಕೈ ಹಿಡಿದ ಮೇಲೆ ಟವೆಲ್ ಹುಡುಕುತ್ತಾರೆ, ಅಷ್ಟೇ.

ಹತ್ತು ವರ್ಷದ ಮೇಲೆ ಒಂದು ಭಾನುವಾರ ಶಿವಪುತ್ರಪ್ಪನ ಮಗ ಮನೆ ಹುಡುಕಿಕೊಂಡು ಬಂದ. ತಂದೆಗೆ ಲಕ್ವ ಹೊಡೆದಿದೆಯಂತೆ. "ನಿಮ್ಮ ಹೆಸರ ಹೇಳ್ತಾರ್ರಿ. ಒಮ್ಮೆ ಬಂದು, ಹೋಗಲಿ ಬಿಡ್ರಿ ಅಂತ ಒಂದ ಮಾತು ಅಂದ್ರ ಸಾಕು, ಸಮಾಧಾನದಿಂದ ಹೋಗ್ತಾರ" ಎಂದು ಕೈಮುಗಿದ. ನನ್ನ ಗಂಡ, "ಹೋಗಿ ಬಾ, ಅದರಾಗೇನು" ಎಂದರು. ನಾನು ಚಹಾ ಕೊಟ್ಟು, ಬರುವುದಿಲ್ಲ ಎಂದೆ.

"ಇಷ್ಟ ವರ್ಷ ಆತಲ್ರಿ, ಇನ್ನೂ ಯಾಕ್ರಿ?" ಎಂದ ಹುಡುಗ.

ಅವನ ಖಾಲಿ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದೆ. ಈರಣ್ಣನ ಮೇಲಿನ ಆ ಅರ್ಜಿಯನ್ನು ಅವರಪ್ಪ ಬರೆಸಿದ, ಓದಿದ, ನಿಜ. ಆದರೆ ಬರೆದದ್ದು ನಾನು. ಶಿವಪುತ್ರಪ್ಪನನ್ನು ಕ್ಷಮಿಸಿಬಿಟ್ಟರೆ ಆ ಬೇಸಿಗೆಯಲ್ಲಿ ಬಯ್ಯಲು ನಾನೊಬ್ಬಳೇ ಉಳಿಯುತ್ತೇನೆ.